ನೌಕರನ ಮನೆಯೂ ಪ್ರಜೆಯ ದಫ್ತರವೂ

ಸರಕಾರಿ ನೌಕರರ ಸ್ವಂತ ಸಂಗತಿಗಳನ್ನು ಕೇಳಿದವರಿಗೆಲ್ಲ ತೆರೆದು ತೋರಿಸತಕ್ಕದ್ದೋ ಅಥವಾ ಮುಚ್ಚಿಡತಕ್ಕದ್ದೋ ಎಂಬ ವಾದವು ನಮ್ಮ ದೇಶದಲ್ಲಿ ಇಪ್ಪತ್ತು ವರ್ಷಗಳಿಂದ ನಡೆದುಬಂದಿದೆ. 2025ನೆಯ ಇಸವಿಯ ನವೆಂಬರ್ 14ನೆಯ ತಾರೀಖಿನಿಂದ ಆ ವಾದಕ್ಕೆ ಹೊಸ ಮುಖವೊಂದು ಬಂದಿದೆ. ಅಂದು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ 44ನೆಯ ಕಲಮಿನ 3ನೆಯ ಉಪಕಲಮು ಜಾರಿಗೆ ಬಂದು, 2005ರ ಮಾಹಿತಿ ಹಕ್ಕು ಅಧಿನಿಯಮದ 8ನೆಯ ಕಲಮಿನ ಒಂದು ಖಂಡವನ್ನು ಬದಲಿಸಿತು. ಬದಲಾದದ್ದು ಕೆಲವೇ ಶಬ್ದಗಳು. ಆದರೆ ಅವುಗಳ ಪರಿಣಾಮವು ದಿಲ್ಲಿಯ ಸಚಿವಾಲಯದಿಂದ ಹಿಡಿದು ಸುರಪುರ ತಾಲೂಕಿನ ಕೊನೆಯ ಹಳ್ಳಿಯ ಶಾಲೆಯ ಹಾಜರಿ ಪುಸ್ತಕದವರೆಗೂ ಮುಟ್ಟತಕ್ಕದ್ದಾಗಿದೆ. ಸಾಹಿತ್ಯದ ಪತ್ರಿಕೆಯಲ್ಲಿ ಕಾನೂನಿನ ಗೊಡವೆಯೇಕೆ ಎಂದು ವಾಚಕ ಮಹಾಶಯರು ಕೇಳಬಹುದು. ಒಂದು ವಾಕ್ಯದಿಂದ ಕೆಲವು ಶಬ್ದಗಳನ್ನು ಕಿತ್ತುಹಾಕಿದರೆ ಅದರ ಅರ್ಥವು ಏನಾಗುವುದೆಂದು ವಿಚಾರಿಸುವುದು ಸಾಹಿತ್ಯದ ಕೆಲಸವೇ ಆಗಿದೆ. ಅದನ್ನು ಕೇವಲ ವಕೀಲರಿಗೆ ಬಿಟ್ಟುಕೊಟ್ಟರೆ ನಷ್ಟವು ನಮ್ಮದೇ.

ಹಳೆಯ ಖಂಡವು ಹೇಳುತ್ತಿದ್ದುದೇನು? ವೈಯಕ್ತಿಕ ಮಾಹಿತಿಯನ್ನು ಕೊಡಬೇಕಾಗಿಲ್ಲ. ಆದರೆ ಎಂಥ ವೈಯಕ್ತಿಕ ಮಾಹಿತಿ? ಯಾವುದಕ್ಕೆ ಸಾರ್ವಜನಿಕ ಕಾರ್ಯದ ಅಥವಾ ಹಿತದ ಸಂಬಂಧವಿಲ್ಲವೋ, ಯಾವುದನ್ನು ಹೊರಗೆಡಹಿದರೆ ವ್ಯಕ್ತಿಯ ಖಾಸಗಿ ಬಾಳಿನ ಮೇಲೆ ಅನುಚಿತವಾದ ಆಕ್ರಮಣವಾಗುವುದೋ, ಅಂಥದನ್ನು ಮಾತ್ರ. ಅದರಲ್ಲಿಯೂ ಹೆಚ್ಚಿನ ಲೋಕಹಿತವಿದ್ದರೆ ಕೊಡಬಹುದು. ಇದಲ್ಲದೆ, ಸಂಸತ್ತಿಗೂ ವಿಧಾನಮಂಡಲಕ್ಕೂ ನಿರಾಕರಿಸಲಾಗದ ಮಾಹಿತಿಯನ್ನು ಸಾಮಾನ್ಯ ಮನುಷ್ಯನಿಗೂ ನಿರಾಕರಿಸಕೂಡದೆಂಬ ಉದಾತ್ತವಾದ ಮಾತೊಂದು ಅದರ ಕೊನೆಯಲ್ಲಿತ್ತು. ಹೊಸ ಖಂಡದಲ್ಲಿ ಇವುಗಳಲ್ಲಿ ಒಂದೂ ಇಲ್ಲ. ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದನ್ನು ಕೊಡಬೇಕಾಗಿಲ್ಲ ಎಂಬಷ್ಟೇ ಉಳಿದಿದೆ.

ಪಾಠಶಾಲೆಯ ಮೊದಲ ವರ್ಷದ ವಿದ್ಯಾರ್ಥಿಯೂ ಇಲ್ಲಿಯ ದೋಷವನ್ನು ಕಂಡುಹಿಡಿಯಬಲ್ಲನು. ‘ಕರಿಯ ಆಕಳನ್ನು ಕಟ್ಟು’ ಎಂದರೆ ಒಂದು ಆಕಳನ್ನು ಕಟ್ಟುತ್ತಾರೆ. ‘ಆಕಳನ್ನು ಕಟ್ಟು’ ಎಂದರೆ ಊರಿನ ಆಕಳುಗಳೆಲ್ಲವೂ ಕಟ್ಟಿಗೆ ಬೀಳುತ್ತವೆ. ವಿಶೇಷಣವನ್ನು ತೆಗೆದೊಡನೆ ವಿಶೇಷ್ಯವು ಹಬ್ಬುತ್ತದೆ. ತರ್ಕಶಾಸ್ತ್ರದವರು ಇದಕ್ಕೆ ಅತಿವ್ಯಾಪ್ತಿಯೆಂದು ಹೆಸರಿಟ್ಟಿದ್ದಾರೆ. ವೈಯಕ್ತಿಕ ಮಾಹಿತಿಯೆಂದರೇನೆಂಬ ಲಕ್ಷಣವನ್ನು ಮಾಹಿತಿ ಹಕ್ಕಿನ ಕಾನೂನು ಹೇಳಿಲ್ಲ. ದತ್ತಾಂಶದ ಕಾನೂನಾದರೋ, ಗುರುತು ಹಿಡಿಯಬಹುದಾದ ವ್ಯಕ್ತಿಯ ಕುರಿತಾದ ಎಲ್ಲವೂ ವೈಯಕ್ತಿಕ ದತ್ತಾಂಶವೆಂದು ಹೇಳುತ್ತದೆ. ಹಾಗಾದರೆ ಕಾಲುವೆಯ ಕೆಲಸದ ಬಿಲ್ಲಿಗೆ ರುಜು ಹಾಕಿದ ಎಂಜಿನಿಯರನ ಹೆಸರೂ ವೈಯಕ್ತಿಕ. ಆ ಬಿಲ್ಲಿನ ಹಣವನ್ನು ಪಡೆದ ಗುತ್ತಿಗೆದಾರನ ಹೆಸರೂ ವೈಯಕ್ತಿಕ. ಮನುಷ್ಯರ ಹೆಸರಿಲ್ಲದ ಸರಕಾರಿ ಕಾಗದವು ಎಲ್ಲಿಯಾದರೂ ಉಂಟೇ?

ಇಷ್ಟನ್ನು ಹೇಳಿದುದರಿಂದ ನಾನು ನೌಕರರ ವೈರಿಯೆಂದು ಯಾರೂ ತಿಳಿಯಬಾರದು. ಸರಕಾರದ ಸಂಬಳವನ್ನು ಉಂಡು ನಿವೃತ್ತನಾದವನು ನಾನು. ನೌಕರನಿಗೂ ಒಂದು ಮನೆಯುಂಟು, ಆ ಮನೆಗೆ ಒಂದು ಬಾಗಿಲುಂಟು, ಆ ಬಾಗಿಲನ್ನು ಮುಚ್ಚಿಕೊಳ್ಳುವ ಹಕ್ಕು ಅವನಿಗುಂಟು ಎಂಬುದನ್ನು ಎಲ್ಲರಿಗಿಂತ ಮೊದಲು ನಾನೇ ಒಪ್ಪುತ್ತೇನೆ. ಆ ಹಕ್ಕನ್ನು ದೇಶಕ್ಕೆ ತಂದುಕೊಟ್ಟ ಮೊಕದ್ದಮೆಯ ಮುಖ್ಯ ಅರ್ಜಿದಾರರು ನಮ್ಮ ನಾಡಿನವರೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ, ಖಾಸಗಿತನವು ಸಂವಿಧಾನವು ಕಾಪಾಡುವ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಪುಟ್ಟಸ್ವಾಮಿಯವರು 2024ರಲ್ಲಿ ಕೀರ್ತಿಶೇಷರಾದರು. ಕನ್ನಡಿಗರು ಅವರ ಹೆಸರನ್ನು ಅಭಿಮಾನದಿಂದ ನೆನೆಯಬೇಕು.

ಈ ಹಕ್ಕು ದೊಡ್ಡ ಅಧಿಕಾರಿಗಳಿಗಿಂತ ಹೆಚ್ಚಾಗಿ ಸಣ್ಣ ನೌಕರರಿಗೆ ಬೇಕಾದದ್ದು. ಶಹಾಪುರದ ಬಳಿಯ ಹಳ್ಳಿಯೊಂದರಲ್ಲಿ ಬಾಡಿಗೆಯ ಮನೆ ಮಾಡಿಕೊಂಡು ಒಬ್ಬಳೇ ಇರುವ ಉಪಾಧ್ಯಾಯಿನಿಯನ್ನು ಕಲ್ಪಿಸಿಕೊಳ್ಳಿರಿ. ಆಕೆಯ ಮನೆಯ ವಿಳಾಸ, ದೂರವಾಣಿಯ ಸಂಖ್ಯೆ, ರಜೆಯ ಅರ್ಜಿಯೊಡನೆ ಲಗತ್ತಿಸಿದ ವೈದ್ಯರ ಪತ್ರ, ಭವಿಷ್ಯನಿಧಿಯಿಂದ ತೆಗೆದ ಸಾಲ, ನಾಮನಿರ್ದೇಶನದ ಕಾಗದ, ಬ್ಯಾಂಕಿನ ಖಾತೆ, ಇವೆಲ್ಲವೂ ಕಚೇರಿಯ ಕಪಾಟಿನಲ್ಲಿ ಇರುತ್ತವೆ. ಅವು ಅಲ್ಲಿರುವುದು ಸರಕಾರವು ಆಕೆಯ ಒಡೆಯನಾದ ಕಾರಣದಿಂದಲೇ ಹೊರತು ಊರಿನವರಿಗೆ ಓದಿ ಹೇಳುವುದಕ್ಕಾಗಿ ಅಲ್ಲ. ಉಪಾಧ್ಯಾಯರ ವರ್ಗಾವಣೆಯಲ್ಲಿ ಕಠಿಣ ರೋಗದವರಿಗೆ, ವಿಧವೆಯರಿಗೆ, ಗರ್ಭಿಣಿಯರಿಗೆ ಆದ್ಯತೆಯುಂಟು. ಅದು ದಯೆಯುಳ್ಳ ನಿಯಮವೇ ಸರಿ. ಆದರೆ ಆದ್ಯತೆಯ ಪಟ್ಟಿಯಲ್ಲಿ ಹೆಸರಿನ ಮುಂದೆ ರೋಗದ ಹೆಸರನ್ನು ಬರೆದು ಊರಿಗೆಲ್ಲ ತೋರಿಸಿದರೆ ದಯೆಯು ಅವಮಾನವಾಗುತ್ತದೆ. ಹಗೆ ಸಾಧಿಸುವುದಕ್ಕಾಗಿ ಇಂಥ ಕಾಗದಗಳನ್ನು ಕೇಳುವವರೂ ಇದ್ದಾರೆ. ಅರ್ಜಿ ಹಾಕಿ, ಹೆದರಿಸಿ, ಹಣ ಕಿತ್ತುಕೊಂಡು ಅರ್ಜಿಯನ್ನು ಹಿಂದಕ್ಕೆ ಪಡೆಯುವ ಕೆಲವರು ಈ ಹಕ್ಕಿನ ಹೆಸರನ್ನೇ ಕೆಡಿಸಿದ್ದಾರೆ. ಇವರನ್ನು ತಡೆಯಬೇಕೆಂಬುದರಲ್ಲಿ ಎರಡನೆಯ ಮಾತಿಲ್ಲ.

ಆದರೆ ನೆಗಡಿ ಬಂತೆಂದು ಮೂಗನ್ನು ಕೊಯ್ದುಕೊಳ್ಳುವ ಚಿಕಿತ್ಸೆಯನ್ನು ಯಾವ ವೈದ್ಯನೂ ಹೇಳಲಾರನು. ತಡೆಯುವ ಸಾಧನವು ಹಳೆಯ ಖಂಡದಲ್ಲಿಯೇ ಇತ್ತು. ಮೇಲೆ ಹೇಳಿದ ಉಪಾಧ್ಯಾಯಿನಿಯ ವೈದ್ಯಪತ್ರವು ಆ ಖಂಡದ ಪ್ರಕಾರವೂ ಹೊರಗೆ ಬರತಕ್ಕದ್ದಲ್ಲ. ಹೊರಗೆಡಹಿದರೆ ಜೀವಕ್ಕೆ ಅಪಾಯವಾಗುವ ಮಾಹಿತಿಯನ್ನು ಕೊಡಬಾರದೆಂದು ಅದೇ 8ನೆಯ ಕಲಮಿನಲ್ಲಿ ಬೇರೆ ಖಂಡವುಂಟು. ಕೊಡಬಾರದ ಭಾಗವನ್ನು ಮುಚ್ಚಿ ಉಳಿದುದನ್ನು ಕೊಡಬೇಕೆಂದು 10ನೆಯ ಕಲಮು ಹೇಳುತ್ತದೆ. ಮೂರನೆಯವರ ಗೋಪ್ಯವಾದ ಸಂಗತಿಯನ್ನು ಕೇಳಿದಾಗ ಅವರಿಗೆ ತಿಳಿಸಿ, ಅವರ ಆಕ್ಷೇಪವನ್ನು ಕೇಳಿ ನಿರ್ಣಯಿಸಬೇಕೆಂದು 11ನೆಯ ಕಲಮು ಹೇಳುತ್ತದೆ. ಇಷ್ಟೆಲ್ಲ ಬೀಗಗಳಿದ್ದ ಮನೆಗೆ ಹೊಸ ಗೋಡೆಯನ್ನು ಕಟ್ಟಿದ್ದು ಯಾರ ರಕ್ಷಣೆಗಾಗಿ?

ಇದಕ್ಕೆ ಉತ್ತರವನ್ನು ಕಾಣಬೇಕಾದರೆ ಈ ಹಿಂದಿನ ತೀರ್ಪುಗಳನ್ನು ಸ್ವಲ್ಪ ನೋಡಬೇಕು. ಗಿರೀಶ ರಾಮಚಂದ್ರ ದೇಶಪಾಂಡೆಯವರ ಮೊಕದ್ದಮೆಯಲ್ಲಿ, 2012ರ ಅಕ್ಟೋಬರ್ 3ರಂದು, ಸರ್ವೋಚ್ಚ ನ್ಯಾಯಾಲಯವು ನೌಕರನೊಬ್ಬನಿಗೆ ಕೊಟ್ಟ ಜ್ಞಾಪನಗಳು, ಕಾರಣ ಕೇಳಿದ ನೋಟೀಸುಗಳು, ದಂಡನೆಗಳು, ಅವನ ಆಸ್ತಿಯ ವಿವರಗಳು, ಇವೆಲ್ಲ ವೈಯಕ್ತಿಕವೆಂದು ಹೇಳಿತು. ನೌಕರನ ಕಾರ್ಯನಿರ್ವಹಣೆಯು ಮುಖ್ಯವಾಗಿ ನೌಕರನಿಗೂ ಅವನ ಯಜಮಾನನಿಗೂ ಸಂಬಂಧಿಸಿದ ವಿಷಯವೆಂಬುದು ಆ ತೀರ್ಪಿನ ತಿರುಳು. 2017ರ ಆಗಸ್ಟ್ 31ರಂದು, ಪುಟ್ಟಸ್ವಾಮಿಯವರ ತೀರ್ಪು ಬಂದು ಸರಿಯಾಗಿ ಒಂದು ವಾರಕ್ಕೆ, ನಮ್ಮ ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಮೊಕದ್ದಮೆಯಲ್ಲಿ, ಗುಮಾಸ್ತರ ವರ್ಗಾವಣೆಯ ವಿವರಗಳೂ ವೈಯಕ್ತಿಕವೆಂದು ಅದೇ ನ್ಯಾಯಾಲಯವು ಹೇಳಿತು. ನ್ಯಾಯಾಲಯದ ವಿಷಯದಲ್ಲಿ ನನಗೆ ಪೂರ್ಣ ಗೌರವವುಂಟು. ಆದರೂ ಒಂದು ಪ್ರಶ್ನೆಯನ್ನು ಕೇಳದಿರಲಾರೆ. ಸರಕಾರಿ ನೌಕರನ ಯಜಮಾನನು ಯಾರು? ತಹಸೀಲದಾರರೇ, ಜಿಲ್ಲಾಧಿಕಾರಿಗಳೇ, ಮಂತ್ರಿಗಳೇ? ಅವರೂ ನೌಕರರೇ. ಯಜಮಾನನು ತೆರಿಗೆ ಕೊಡುವ ಪ್ರಜೆ. ಒಕ್ಕಲಿಗನ ಹೊಲದಲ್ಲಿ ದುಡಿಯುವ ಆಳು ಎಂದು ಬಂದನು, ಎಷ್ಟು ಗೇದನು ಎಂಬುದು ಆಳಿಗೂ ಮೇಟಿಗೂ ಸೇರಿದ ಗುಟ್ಟು, ಒಕ್ಕಲಿಗನು ಕೇಳಕೂಡದು ಎಂದರೆ ಒಪ್ಪುವವರುಂಟೇ?

ಆ ತೀರ್ಪುಗಳಲ್ಲಿಯೂ ಲೋಕಹಿತವನ್ನು ತೋರಿಸಿಕೊಟ್ಟರೆ ಬಾಗಿಲು ತೆರೆಯುವ ಅವಕಾಶವಿತ್ತು. 2019ರ ನವೆಂಬರ್ 13ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಭಾರತದ ಮುಖ್ಯ ನ್ಯಾಯಾಧೀಶರ ಕಚೇರಿಯೂ ಮಾಹಿತಿ ಹಕ್ಕಿನ ಕಾನೂನಿಗೆ ಒಳಪಟ್ಟದ್ದೆಂದು ಹೇಳಿ, ಖಾಸಗಿತನವನ್ನೂ ಲೋಕಹಿತವನ್ನೂ ಪ್ರತಿಯೊಂದು ಪ್ರಸಂಗದಲ್ಲಿ ತೂಗಿ ನೋಡಬೇಕೆಂದು ವಿಧಿಸಿತು. ತೂಗುವುದಕ್ಕೆ ತಕ್ಕಡಿ ಬೇಕು. ಆ ಖಂಡದಲ್ಲಿದ್ದ ತಕ್ಕಡಿಯನ್ನೇ ಈಗ ತೆಗೆದುಹಾಕಲಾಗಿದೆ.

ಯಾವುದು ಮನೆ, ಯಾವುದು ದಫ್ತರ ಎಂದು ಬೇರ್ಪಡಿಸುವುದು ಅಸಾಧ್ಯವಾದ ಕೆಲಸವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಧ್ಯಕ್ಷರು ರಾಜಧನವನ್ನು ಅಪಹರಿಸುವ ಉಪಾಯಗಳು ನಲವತ್ತೆಂದು ಎಣಿಸಲಾಗಿದೆ. ಮೈಸೂರಿನ ಓರಿಯಂಟಲ್ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ಕೊಟ್ಟ ಗ್ರಂಥವದು. ಮೊದಲು ಬಂದ ಹಣವನ್ನು ಆಮೇಲೆ ಬಂದಂತೆ ಬರೆಯುವುದು, ಕೊಡದುದನ್ನು ಕೊಟ್ಟಂತೆ ಬರೆಯುವುದು, ಅಳತೆಯಲ್ಲಿಯೂ ತೂಕದಲ್ಲಿಯೂ ಮೋಸ ಮಾಡುವುದು, ಹೀಗೆ ಆ ಪಟ್ಟಿಯು ಬೆಳೆಯುತ್ತದೆ. ಗಮನಿಸತಕ್ಕ ಸಂಗತಿಯೇನೆಂದರೆ, ಆ ಪಟ್ಟಿಯು ಹುಡುಕುವುದು ಲೆಕ್ಕದ ಕಡತದಲ್ಲಿ, ಉಗ್ರಾಣದಲ್ಲಿ, ಅಳತೆಯ ಕೋಲಿನಲ್ಲಿ. ಅಧ್ಯಕ್ಷನ ಅಡಿಗೆಮನೆಯನ್ನು ಇಣಿಕಿ ನೋಡಿ ಕಂಡುಹಿಡಿಯುವಂಥ ಉಪಾಯ ಅದರಲ್ಲಿಲ್ಲ. ಅಪಹಾರವನ್ನು ತಿಳಿಸಿ ಸಿದ್ಧಪಡಿಸಿದವನಿಗೆ ಆರನೆಯ ಒಂದು ಪಾಲನ್ನು ಕೊಡಬೇಕೆಂದು ಹೇಳಿದ ಕೌಟಿಲ್ಯನು, ಸಿದ್ಧಪಡಿಸಲಾರದವನಿಗೆ ದಂಡನೆಯನ್ನೂ ವಿಧಿಸಿದ್ದಾನೆ. ಸತ್ಯವನ್ನು ಹೊರತರುವವನಿಗೆ ಮನ್ನಣೆ, ಸುಮ್ಮನೆ ಕಾಡುವವನಿಗೆ ಶಿಕ್ಷೆ. ಎರಡನ್ನೂ ಒಂದೆಡೆ ಇಟ್ಟು ನಡೆಸಬಹುದೆಂಬುದು ಅಷ್ಟು ಹಿಂದಿನವರಿಗೂ ತಿಳಿದಿತ್ತು.

ಅಷ್ಟು ದೂರ ಹೋಗುವುದೂ ಬೇಡ. ಸುರಪುರ ಸೀಮೆಯ ಯೇವೂರಿನ 1077ನೆಯ ಇಸವಿಯ ಚಾಲುಕ್ಯ ಶಾಸನವನ್ನು ಇತಿಹಾಸಜ್ಞರೆಲ್ಲರೂ ಬಲ್ಲರು. ಆ ಕಾಲದ ದಾನಶಾಸನಗಳಲ್ಲಿ ಕೊಟ್ಟವನಾರು, ಪಡೆದವನಾರು, ಭೂಮಿ ಎಷ್ಟು, ಎಲ್ಲೆ ಯಾವುದು ಎಂಬುದನ್ನು ಕಲ್ಲಿನಲ್ಲಿ ಕೊರೆಯಿಸಿ ದೇಗುಲದ ಎದುರಿಗೆ ನಿಲ್ಲಿಸುತ್ತಿದ್ದರು. ಕಾರ್ಯ ನಡೆಸಿದ ಅಧಿಕಾರಿಯ ಹೆಸರು, ಬರೆದವನ ಹೆಸರು, ಕೆಲವೆಡೆ ಕೊರೆದ ರೂವಾರಿಯ ಹೆಸರೂ ಅಲ್ಲಿಯೇ ಇರುತ್ತವೆ. ಸಾರ್ವಜನಿಕ ಕಾರ್ಯದಲ್ಲಿ ತನ್ನ ಹೆಸರು ಬಂದರೆ ತನ್ನ ಮಾನಕ್ಕೆ ಭಂಗವೆಂದು ಆ ಕಾಲದ ಅಧಿಕಾರಿಗಳು ತಿಳಿಯಲಿಲ್ಲ. ಅದನ್ನೇ ಕೀರ್ತಿಯೆಂದು ಭಾವಿಸಿದರು.

ಅನಂತರ ನಮ್ಮ ಸೀಮೆಯು ನಿಜಾಮರ ಆಳಿಕೆಗೆ ಬಂದಿತು. 1948ರ ಸೆಪ್ಟೆಂಬರಿನವರೆಗೆ ದಫ್ತರದ ಭಾಷೆಯು ಉರ್ದುವಾಗಿತ್ತು. ಕನ್ನಡವನ್ನಷ್ಟೇ ಬಲ್ಲ ರೈತನು ತನ್ನ ಹೊಲದ ವಿಷಯವಾಗಿ ಏನು ಬರೆದಿದೆಯೆಂಬುದನ್ನು ತಾನೇ ಓದಿ ತಿಳಿಯಲಾರನಾಗಿದ್ದನು. ಕಾಗದವು ಕಣ್ಣೆದುರಿಗೆ ಇದ್ದರೂ ಕುರುಡು. ಆ ಕುರುಡನ್ನು ಕಳೆಯುವುದಕ್ಕೆ ಎರಡು ತಲೆಮಾರು ಶಾಲೆಗೆ ಹೋಗಬೇಕಾಯಿತು. ದೇಶದ ಕಾನೂನಿಗಿಂತ ಮೊದಲೇ, 2000ದಲ್ಲಿಯೇ, ಕರ್ನಾಟಕವು ತನ್ನದೇ ಆದ ಮಾಹಿತಿ ಹಕ್ಕಿನ ಅಧಿನಿಯಮವನ್ನು ಮಾಡಿಕೊಂಡಿತು. 2009ರ ಕೊನೆಯಲ್ಲಿ ಯಾದಗಿರಿ, ಶಹಾಪುರ, ಸುರಪುರಗಳು ಅಂದಿನ ಗುಲಬರ್ಗಾದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದಾಗ, ದಫ್ತರವು ಮನೆಯ ಹತ್ತಿರಕ್ಕೆ ಬಂದಿತೆಂದು ಸಂತೋಷಪಟ್ಟೆವು. ಓದು ಬಂದಿತು, ದಫ್ತರವು ಹತ್ತಿರ ಬಂದಿತು. ಈಗ ಕಾಗದವನ್ನೇ ಮುಚ್ಚಿಡುವುದಾದರೆ ಇವೆರಡರ ಫಲವೇನು?

ನಮ್ಮ ಜಿಲ್ಲೆಗೆ ಇದು ಕೇವಲ ತತ್ತ್ವದ ಪ್ರಶ್ನೆಯಲ್ಲ. ಸಂವಿಧಾನದ 371(ಜೆ) ಅನುಚ್ಛೇದದ ಮೂಲಕ ಈ ಭಾಗದವರಿಗೆ ಉದ್ಯೋಗದಲ್ಲಿಯೂ ವಿದ್ಯಾಭ್ಯಾಸದಲ್ಲಿಯೂ ಮೀಸಲು ಸ್ಥಾನಗಳು ದೊರೆತಿವೆ. ಆ ಸ್ಥಾನವು ಒಂದು ಪ್ರಮಾಣಪತ್ರದ ಆಧಾರದ ಮೇಲೆ ದೊರೆಯುತ್ತದೆ. ಹೊರಗಿನವನೊಬ್ಬನು ಸುಳ್ಳು ಪತ್ರವನ್ನು ತಂದು ಕೆಲಸಕ್ಕೆ ಸೇರಿದರೆ, ವಡಗೇರಿಯ ಅಥವಾ ಹುಣಸಗಿಯ ಬಡ ಹುಡುಗನೊಬ್ಬನು ಕೆಲಸವಿಲ್ಲದೆ ಗುಳೆ ಹೋಗಬೇಕಾಗುತ್ತದೆ. ಆ ಹುಡುಗನು ಹೋಗಿ ಆ ಪತ್ರವನ್ನು ತೋರಿಸಿರೆಂದು ಕೇಳಿದರೆ, ಅದು ವೈಯಕ್ತಿಕವೆಂದು ಒಂದೇ ಮಾತಿನಲ್ಲಿ ಕಳುಹಿಸಿಬಿಡಬಹುದು. ಜಾತಿಯ ಪ್ರಮಾಣಪತ್ರದ ಮಾತೂ ಇದೇ. ಯಾವ ಕಾಗದವನ್ನು ತೋರಿಸಿ ಲೋಕದ ಹುದ್ದೆಯನ್ನು ಪಡೆದಿರುವನೋ ಆ ಕಾಗದವು ಲೋಕದ ಆಸ್ತಿ. ಅದರಲ್ಲಿರುವ ಮನೆಯ ವಿಳಾಸವನ್ನು ಬೇಕಾದರೆ ಮುಚ್ಚಿ ಕೊಡಲಿ.

ಇನ್ನೊಂದು ವಿಪರೀತವನ್ನು ನೋಡಿರಿ. 2005ರ ಉದ್ಯೋಗ ಖಾತರಿ ಕಾನೂನಿನ ಅಡಿಯಲ್ಲಿ ಹೂಳು ಎತ್ತಿದ ಕೂಲಿಯವಳ ಹೆಸರು, ಆಕೆಯ ಊರು, ದುಡಿದ ದಿನಗಳು, ಪಡೆದ ಕೂಲಿ, ಎಲ್ಲವನ್ನೂ ಜಗತ್ತೇ ನೋಡುವಂತೆ ಪ್ರಕಟಿಸುತ್ತಿದ್ದರು. ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಅದು ಸರಿಯೇ, ಅದರಿಂದಲೇ ಸತ್ತವರ ಹೆಸರಿನಲ್ಲಿ ಹಣ ತೆಗೆಯುವವರನ್ನು ಹಿಡಿಯಲು ಸಾಧ್ಯ. ಓಟು ಬೇಡುವ ಅಭ್ಯರ್ಥಿಯು 2002 ಮತ್ತು 2003ರ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳ ಮೇರೆಗೆ ತನ್ನ ಆಸ್ತಿ, ಸಾಲ, ತನ್ನ ಮೇಲಿನ ಮೊಕದ್ದಮೆಗಳನ್ನು ಪ್ರಮಾಣಮಾಡಿ ಬರೆದುಕೊಡುತ್ತಾನೆ. ಹೀಗೆ ಕೂಲಿಯವಳದು ಬಯಲು, ಶಾಸಕನದು ಬಯಲು. ಇವರಿಬ್ಬರ ನಡುವೆ ಕುಳಿತು ಹಣವನ್ನು ಅಳೆದು ಕೊಡುವವನದು ಮಾತ್ರ ಅಂತಃಪುರವೇ?

ಈಗ ಪೂರ್ವಪಕ್ಷದವರ ಮಾತುಗಳನ್ನು ಕೇಳೋಣ. 8ನೆಯ ಕಲಮಿನ 2ನೆಯ ಉಪಕಲಮು ಹಾಗೆಯೇ ಇದೆ, ಲೋಕಹಿತವು ಹಾನಿಗಿಂತ ಹೆಚ್ಚಾಗಿದ್ದರೆ ಅದರ ಪ್ರಕಾರ ಮಾಹಿತಿಯನ್ನು ಕೊಡಬಹುದು, ಆದುದರಿಂದ ಏನೂ ಕೆಟ್ಟಿಲ್ಲವೆಂದು ಅವರು ಹೇಳುತ್ತಾರೆ. ಈ ಉಪಕಲಮು ಇರುವುದು ನಿಜ, ಅದನ್ನು ನಾವು ಬಿಡಬಾರದು. ಆದರೆ ಮೊದಲು, ಮುಚ್ಚಿಡುವುದಕ್ಕೆ ಅಧಿಕಾರಿಯು ಕಾರಣವನ್ನು ಹುಡುಕಬೇಕಾಗಿತ್ತು. ಈಗ ತೆರೆಸುವುದಕ್ಕೆ ಪ್ರಜೆಯು ಕಾರಣವನ್ನು ಹುಡುಕಬೇಕು. ಮಾಹಿತಿಯನ್ನು ಕೇಳುವವನು ಕಾರಣ ಹೇಳಬೇಕಾಗಿಲ್ಲವೆಂದು 6ನೆಯ ಕಲಮಿನಲ್ಲಿ ಬರೆದಿರುವಾಗ, ಹಿಂಬಾಗಿಲಿನಿಂದ ಅವನ ಮೇಲೆ ಕಾರಣದ ಹೊರೆಯನ್ನು ಹೊರಿಸಿದಂತಾಯಿತು. ಮೇಲಿನವರ ಮುಲಾಜಿನಲ್ಲಿರುವ ಕೆಳಗಿನ ಮಾಹಿತಿ ಅಧಿಕಾರಿಯು ಸುಲಭವಾದ ನಿರಾಕರಣೆಯನ್ನು ಬಿಟ್ಟು ಕಷ್ಟವಾದ ವಿವೇಚನೆಗೆ ಕೈಹಾಕುವನೆಂದು ನಂಬುವುದು ಲೋಕಜ್ಞಾನವಲ್ಲ. ನಿರಾಕರಿಸಿದಾಗ ಅರ್ಜಿದಾರನು ಅದೇ ಇಲಾಖೆಯ ಮೇಲಧಿಕಾರಿಗೆ ಮನವಿ ಮಾಡಬೇಕು, ಅಲ್ಲಿಂದ ಮಾಹಿತಿ ಆಯೋಗಕ್ಕೆ ಅಲೆಯಬೇಕು. ದಿನಗೂಲಿಯನ್ನು ಬಿಟ್ಟು ಎಷ್ಟು ಸಲ ಅಲೆದಾನು?

ಖಾಸಗಿತನವೂ ಮೂಲಭೂತ ಹಕ್ಕಾದ ಮೇಲೆ ಈ ಬದಲಾವಣೆಯು ಅನಿವಾರ್ಯವಾಯಿತೆಂಬುದು ಎರಡನೆಯ ಮಾತು. ಪುಟ್ಟಸ್ವಾಮಿಯವರ ತೀರ್ಪು ಖಾಸಗಿತನಕ್ಕೆ ಸೇರಿಸಿ ಪ್ರಮಾಣಬದ್ಧತೆಯನ್ನೂ ಹೇಳಿತು: ಒಂದು ಹಕ್ಕನ್ನು ಮೊಟಕುಗೊಳಿಸುವುದಾದರೆ ಅವಶ್ಯವಿದ್ದಷ್ಟೇ ಮೊಟಕುಗೊಳಿಸಬೇಕು. ತಿಳಿಯುವ ಹಕ್ಕೂ ಸಂವಿಧಾನದ 19ನೆಯ ಅನುಚ್ಛೇದದಿಂದ ಬಂದದ್ದೇ. ಒಂದು ಮಗುವಿನ ತೊಟ್ಟಿಲನ್ನು ಕಟ್ಟುವುದಕ್ಕೆ ಇನ್ನೊಂದರ ಹೊದಿಕೆಯನ್ನು ಹರಿಯುವುದು ತಾಯಿಯ ಲಕ್ಷಣವಲ್ಲ. ಇನ್ನೂ ಒಂದು ವಿಚಿತ್ರವನ್ನು ವಾಚಕರು ನೋಡಬೇಕು. ದತ್ತಾಂಶದ ಕಾನೂನಿನಲ್ಲಿ ಜನರಿಗೆ ನಿಜವಾದ ರಕ್ಷಣೆಯನ್ನು ಕೊಡುವ ಕಲಮುಗಳು, ಎಂದರೆ ನಮ್ಮ ವಿವರಗಳನ್ನು ಇಟ್ಟುಕೊಂಡವರ ಹೊಣೆಗಳು, ತಪ್ಪಿದರೆ 250 ಕೋಟಿ ರೂಪಾಯಿಗಳವರೆಗಿನ ದಂಡ, ಇವೆಲ್ಲ 2025ರ ಪ್ರಕಟಣೆಯಿಂದ 18 ತಿಂಗಳು ಕಳೆದ ಮೇಲೆ ಜಾರಿಗೆ ಬರತಕ್ಕವೆಂದು ಗೊತ್ತುಪಡಿಸಲಾಯಿತು. ಮಾಹಿತಿ ಹಕ್ಕನ್ನು ಮೊಟಕುಗೊಳಿಸುವ ಕಲಮು ಮಾತ್ರ ಮೊದಲನೆಯ ದಿನವೇ ಜಾರಿಗೆ ಬಂದಿತು. ನೌಕರರ ಖಾಸಗಿತನದ ಚಿಂತೆಯೇ ಮುಖ್ಯವಾಗಿದ್ದರೆ ಈ ಕ್ರಮವು ತಿರುಗುಮುರುಗಾಗಿರಬೇಕಾಗಿತ್ತು.

ಇದರಿಂದ ಪ್ರಾಮಾಣಿಕ ನೌಕರನಿಗೆ ದೊರೆತುದೇನು? ಅವನ ಸಂಬಳವು ಮೊದಲಿನಿಂದಲೂ ಗುಟ್ಟಾಗಿರಲಿಲ್ಲ. ಪ್ರತಿಯೊಬ್ಬ ನೌಕರನ ಮಾಸಿಕ ವೇತನವನ್ನು ಕಚೇರಿಯು ತಾನಾಗಿಯೇ ಪ್ರಕಟಿಸಬೇಕೆಂದು 4ನೆಯ ಕಲಮಿನಲ್ಲಿ ಹೇಳಿದೆ. ಮಾಹಿತಿ ಹಕ್ಕು ಅವನಿಗೂ ಆಸರೆಯಾಗಿತ್ತು. ತನಗಿಂತ ಕಿರಿಯನಿಗೆ ಬಡ್ತಿ ಹೇಗೆ ದೊರೆಯಿತು, ತನ್ನ ವರ್ಗಾವಣೆಯ ಸರದಿಯನ್ನು ಯಾರು ದಾಟಿದರು, ತನ್ನ ಮೇಲಿನ ವಿಚಾರಣೆಯು ಏಕೆ ನಿಂತಿತು ಎಂಬುದನ್ನು ಸಣ್ಣ ನೌಕರನು ತಿಳಿದುಕೊಂಡದ್ದು ಈ ಹಕ್ಕಿನಿಂದಲೇ. ಶಿಫಾರಸು ಇಲ್ಲದವನಿಗೆ ಕಾಗದವೇ ಶಿಫಾರಸು. ಈಗ ಪಕ್ಕದವನ ಆದೇಶದ ಪ್ರತಿಯನ್ನು ಕೇಳಿದರೆ ಅದೂ ವೈಯಕ್ತಿಕವೆಂಬ ಉತ್ತರವೇ ಬರತಕ್ಕದ್ದು. ಕಳ್ಳನನ್ನು ಕಾಪಾಡುವ ಗೋಡೆಯು ಸಾಧುವನ್ನು ಒಬ್ಬಂಟಿಗನನ್ನಾಗಿ ಮಾಡುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಸಂಸತ್ತು ತೆಗೆದುಹಾಕಿದ ಶಬ್ದಗಳನ್ನು ಮರಳಿ ಸೇರಿಸಬೇಕು. ಬೇಕಾದರೆ ಅವುಗಳ ಜೊತೆಗೆ, ಯಾವ ಕಾರಣಕ್ಕೂ ಕೊಡಕೂಡದ ವಿವರಗಳ ಸ್ಪಷ್ಟವಾದ ಪಟ್ಟಿಯೊಂದನ್ನು ಬರೆಯಲಿ. ಮನೆಯ ವಿಳಾಸ, ದೂರವಾಣಿ, ಆರೋಗ್ಯ, ಕುಟುಂಬದವರ ಸಂಗತಿಗಳು, ಬ್ಯಾಂಕಿನ ಖಾತೆ, ಗುರುತಿನ ಸಂಖ್ಯೆಗಳು ಈ ಪಟ್ಟಿಯಲ್ಲಿರಲಿ. ಹಾಜರಿ, ವರ್ಗಾವಣೆ, ಅಳತೆ ಪುಸ್ತಕ, ರುಜು ಹಾಕಿದ ಬಿಲ್ಲು, ಸಿದ್ಧವಾದ ಅಪರಾಧಕ್ಕೆ ಕೊಟ್ಟ ದಂಡನೆ, ನೇಮಕಕ್ಕೆ ಆಧಾರವಾದ ಪ್ರಮಾಣಪತ್ರ, ಸೇವೆಗೆ ಸೇರಿದ ಮೇಲೆ ಕೊಂಡ ಸ್ಥಿರಾಸ್ತಿ, ಇವು ಬಯಲಿನಲ್ಲಿರಲಿ. ಅಲ್ಲಿಯವರೆಗೆ ನಮ್ಮ ಜಿಲ್ಲೆಯ ಕಚೇರಿಗಳು 4ನೆಯ ಕಲಮಿನಂತೆ ತಾವಾಗಿಯೇ ಪ್ರಕಟಿಸಬೇಕಾದುದನ್ನು ಕನ್ನಡದಲ್ಲಿ, ವರ್ಷವರ್ಷಕ್ಕೂ ಹೊಸದು ಮಾಡಿ, ಗೋಡೆಗೆ ಹಚ್ಚಲಿ. ಅರ್ಜಿದಾರರು 8ನೆಯ ಕಲಮಿನ 2ನೆಯ ಉಪಕಲಮನ್ನು ಹೆಸರಿಸಿ, ಲೋಕಹಿತವೇನೆಂಬುದನ್ನು ಎರಡು ಸಾಲಿನಲ್ಲಿ ಬರೆದು, ಖಾಸಗಿ ಭಾಗವನ್ನು 10ನೆಯ ಕಲಮಿನಂತೆ ಮುಚ್ಚಿ ಕೊಡಿರೆಂದು ತಾವೇ ಕೇಳಲಿ. ಹೀಗೆ ಕೇಳುವವನನ್ನು ಸುಲಿಗೆಗಾರನೆಂದು ಯಾರೂ ಕರೆಯಲಾರರು.

ಕೊನೆಗೆ, ನೌಕರರ ಸಂಘಗಳವರಲ್ಲಿ ಒಂದು ವಿಜ್ಞಾಪನೆ. ಸಂಸ್ಕೃತದಲ್ಲಿ ದೇಹಲೀದೀಪನ್ಯಾಯವೆಂಬುದೊಂದುಂಟು: ಹೊಸ್ತಿಲ ಮೇಲಿಟ್ಟ ಒಂದೇ ದೀಪವು ಒಳಗನ್ನೂ ಹೊರಗನ್ನೂ ಬೆಳಗುತ್ತದೆ. ಹಳೆಯ ಖಂಡವು ಅಂಥ ದೀಪವಾಗಿತ್ತು. ಅದು ಮನೆಯ ಮಾನವನ್ನೂ ಕಾಯುತ್ತಿತ್ತು, ದಫ್ತರದ ಕತ್ತಲೆಯನ್ನೂ ಓಡಿಸುತ್ತಿತ್ತು. ಅದನ್ನು ಮತ್ತೆ ಹಚ್ಚಿರೆಂದು ಕೇಳುವ ಮೊದಲ ದನಿಯು ನಿಮ್ಮದಾಗಬೇಕು. ನಿಮ್ಮಲ್ಲಿ ಬಹುಮಂದಿ ಸತ್ಯವಂತರೆಂಬುದು ನಿಮ್ಮ ನಡುವೆ ಬಾಳಿದ ನನಗೆ ಗೊತ್ತು. ದಫ್ತರವು ತೆರೆದಿದ್ದರೆ ಅದು ಊರಿಗೂ ಗೊತ್ತಾಗುತ್ತದೆ. ಮುಚ್ಚಿದ್ದರೆ ನಿಮ್ಮಲ್ಲಿಯ ನಾಲ್ವರು ಕಳ್ಳರ ಅಪಕೀರ್ತಿಯನ್ನು ನೀವೆಲ್ಲರೂ ಹೊರಬೇಕಾಗುತ್ತದೆ.